ಕಂಬಿಯ ಪಾಲಿನ ಸವಕಳಿ ಸತುವಿಗೆ

ನೀರಿಳಿತದ ಹೊತ್ತು ನೋಡಿಕೊಂಡು ಸೇತುವೆಯಡಿ ಇಳಿದೆವು. ಕರಾವಳಿಯ ಅಳಿವೆ ಇದು, ಉಪ್ಪುಗಾಳಿ ಸದಾ ಬಡಿಯುವ ಜಾಗ. ತಲೆಯೆತ್ತಿದರೆ ತೊಲೆಯಲ್ಲಿ ಹಳೆಯ ರಿಪೇರಿಯ ತೇಪೆ. ಅದೇನೋ ಗಟ್ಟಿಯಾಗಿಯೇ ಇದೆ. ಆದರೆ ಅಂಚಿನಿಂದ ಗೇಣು ಆಚೆ ಹೊಸ ಬಿರುಕು, ಅದರಿಂದ ಇಳಿದ ಕಂದು ಕಲೆ.

ಕಳಪೆ ಕೆಲಸ ಅಂದುಬಿಡುವುದು ಸುಲಭ. ಕಾರಣ ಬೇರೆ. ಕಾಂಕ್ರೀಟಿನ ಕ್ಷಾರಗುಣದಿಂದ ಒಳಗಿನ ಕಂಬಿಯ ಮೇಲೆ ತೆಳು ರಕ್ಷಾಪದರ ಕಟ್ಟಿರುತ್ತದೆ. ಉಪ್ಪಿನ ಕ್ಲೋರೈಡ್ ಅದನ್ನು ಒಡೆದಲ್ಲಿ ತುಕ್ಕು ಶುರು. ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ವಿಚಿತ್ರವೆಂದರೆ, ಹಾಗೆ ಸವೆಯುವ ತುಂಡು ತನ್ನ ಅಕ್ಕಪಕ್ಕದ ಕಂಬಿಯನ್ನು ಕಾಯುತ್ತಲೂ ಇರುತ್ತದೆ. ಕೆಟ್ಟ ಭಾಗ ಕೆತ್ತಿ ಹೊಸ ಗಾರೆ ತುಂಬಿದರೆ ಆ ಕಾವಲು ತಪ್ಪಿ, ಮೊದಲೇ ಉಪ್ಪು ಹೀರಿದ ಪಕ್ಕದ ಕಾಂಕ್ರೀಟಿನಲ್ಲಿ ಸವಕಳಿ ಮೊದಲಾಗುತ್ತದೆ.

ಮುಂದಿನ ತೊಲೆಯ ತುಂಬ ಸೀಮೆಸುಣ್ಣದ ಚೌಕಗಳು, ಒಂದೊಂದರಲ್ಲೂ ಒಂದು ಋಣಸಂಖ್ಯೆ. ತಾಮ್ರದ ಸಲ್ಫೇಟಿನ ಎಲೆಕ್ಟ್ರೋಡ್ ಒತ್ತಿ ಅಳೆದ ಮಿಲಿವೋಲ್ಟ್ ಅವು. -350ಕ್ಕಿಂತ ಕೆಳಗಿದ್ದರೆ ತುಕ್ಕಿನ ಸಾಧ್ಯತೆ ಶೇ 90ಕ್ಕೂ ಹೆಚ್ಚೆಂದು ಎಣಿಸುತ್ತಾರೆ.

ಅದರಾಚೆಯದು ಕೆತ್ತಿ ತೆರೆದಿಟ್ಟ ತೊಲೆ. ಕಂಬಿಯ ಹಿಂದೆ ಬೆರಳು ತೂರುವಷ್ಟು ಸಂದು ಬಿಟ್ಟು ಕೆತ್ತಿದ್ದಾರೆ, ಕಂಬಿಯನ್ನು ಹೊಳೆಯುವಂತೆ ಉಜ್ಜಿದ್ದಾರೆ. ಗುಂಡಿಯ ಅಂಚಿಗೆ ಹತ್ತಿರವೇ, ಹೊಸ ತುಕ್ಕು ಏಳಬಹುದಾದ ಗಡಿಯಲ್ಲಿ, ಸಾಲಾಗಿ ಬೂದು ಬಿಲ್ಲೆಗಳು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ: ಹೊರಗೆ ಸಿಮೆಂಟಿನಂಥ ಕವಚ, ಎರಡೂ ಬದಿ ತಂತಿ, ಸತು ಒಳಗೆಲ್ಲೋ ಅಡಗಿದೆ. ಕವಚದ ಗಾರೆ ತೀವ್ರ ಕ್ಷಾರದ್ದು; ಸತು ಜಡವಾಗದೆ ಕರಗುತ್ತಲೇ ಇರಲೆಂದು. ಉಕ್ಕಿಗಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹವಾದ್ದರಿಂದ ಕಂಬಿಯ ಬದಲು ಅದೇ ಸವೆಯುತ್ತದೆ.

ಕೆಲಸದವರೊಬ್ಬರು ತಂತಿಯನ್ನು ಕಂಬಿಗೆ ಸುತ್ತಿ ಇಕ್ಕಳದಿಂದ ಬಿಗಿದು ಮಲ್ಟಿಮೀಟರ್ ಇಟ್ಟರು. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಒಂದು ಕಡೆ ಅಂಕಿ ನಿಲ್ಲಲೇ ಇಲ್ಲ. ತುಕ್ಕಿನ ಪುಡಿ ಉಳಿದಿತ್ತೇನೋ. ಬಿಚ್ಚಿ, ಮತ್ತೆ ಉಜ್ಜಿ, ಮತ್ತೆ ಬಿಗಿದರು. ಇಡೀ ಕೆಲಸದ ಜೀವ ಈ ಬಿಗಿತದಲ್ಲಿದೆ ಅನ್ನಿಸಿತು. ಸಂಪರ್ಕ ಸಡಿಲಾದರೆ ಬಿಲ್ಲೆ ಇದ್ದೂ ಇಲ್ಲದಂತೆ.

ಪಕ್ಕದಲ್ಲಿ ಗಾರೆ ಕಲಸುತ್ತಿದ್ದರು. ಎಪಾಕ್ಸಿ ಗಾರೆ ಇಲ್ಲಿ ಸಲ್ಲ, ಅದು ವಿದ್ಯುತ್ತಿನ ಹಾದಿಗೆ ಅಡ್ಡ. ಸಿಮೆಂಟಿನದೇ ಆಗಬೇಕು.

ಕೊನೆಯ ತೊಲೆ ಮುಚ್ಚಿಯಾಗಿತ್ತು. ಬಿಲ್ಲೆಗಳ ಸುಳಿವೇ ಇಲ್ಲ. ಸತು ಒಂದು ದಿನ ಮುಗಿಯುತ್ತದೆ, ಆಗ ಹೊಸದು ಹಾಕಲೇಬೇಕು. ಯಾವ ಬಿಲ್ಲೆ ಎಲ್ಲಿದೆ ಎಂಬ ನಕ್ಷೆಯನ್ನು ಸೇತುವೆಯ ಹೊಣೆ ಹೊತ್ತವರು ಅಲ್ಲಿಯವರೆಗೂ ಜೋಪಾನವಾಗಿ ಇಟ್ಟಿರಬೇಕು.