ಸೋಲಾರ್ ಕಾರು: ಲೆಕ್ಕ ಹಾಕಿ ನೋಡಿದೆ

ನಮ್ಮದು ಪಾವಗಡ ತಾಲೂಕಿನ ಒಣ ಬೇಸಾಯ. ಒಂಬತ್ತು ಎಕರೆಯಲ್ಲಿ ಐದನ್ನು ಸೋಲಾರ್ ಪಾರ್ಕಿಗೆ ಗೇಣಿ ಕೊಟ್ಟಿದ್ದೇವೆ. ಉಳಿದ ನಾಲ್ಕರಲ್ಲಿ ಕಡಲೆಕಾಯಿ, ತೊಗರಿ. ಎಕರೆಗೆ ವರ್ಷಕ್ಕೆ 21,000 ರೂ.ನಂತೆ ಶುರುವಾದ ಗೇಣಿ ಅದು. ಮಳೆ ಕೈಕೊಟ್ಟ ವರ್ಷ ಮನೆ ನಡೆಯೋದು ಆ ದುಡ್ಡಿನಲ್ಲೇ. ಅದನ್ನೇ ನೆಚ್ಚಿಕೊಂಡು ಕರೆಂಟ್ ಕಾರಿಗೆ ಸಾಲ ಮಾಡೋಣ ಅಂತ ಮಗ ಹಟ ಹಿಡಿದ. "ಮೇಲೆ ಪ್ಯಾನೆಲ್ ಹಾಕಿಸಿದರೆ ಚಾರ್ಜಿನ ಖರ್ಚೇ ಇಲ್ಲ. ನಮ್ಮೂರಲ್ಲಿ ಬಿಸಿಲಿಗೆ ಬರವೇನಪ್ಪಾ?" ಅಂದ.

ಬಿಸಿಲಿಗೆ ಬರವಿಲ್ಲ, ನಿಜ. ಆದರೆ ಕರೆಂಟ್ ಬೆಳೆಯೋದೂ ಒಂದು ಬೇಸಾಯವೇ. ಜಾಗ ಇದ್ದಷ್ಟೇ ಇಳುವರಿ. ನಮ್ಮ ಪಾರ್ಕಿನ 2,050 ಮೆಗಾವಾಟಿಗೆ ಸುಮಾರು 13,000 ಎಕರೆ ಬೇಕಾಯ್ತು. ಹಾಗಾದರೆ ಕಾರಿನ ತಲೆ ಮೇಲೆ ಎಷ್ಟು ಬೆಳೆದೀತು? ನಾನು ಓದಿದ್ದು ಏಳನೇ ಕ್ಲಾಸು. ಗುಣಾಕಾರ, ಭಾಗಾಕಾರ ಬರುತ್ತದೆ, ಅಷ್ಟು ಸಾಕು.

ಸಾಧಾರಣ ಕಾರಿನ ಮೇಲ್ಛಾವಣಿ 4 ಅಡಿ ಅಗಲ, 5 ಅಡಿ ಉದ್ದ ಅನ್ನಿ. 20 ಚದರಡಿ ಆಯ್ತು. ಈಗಿನ ಒಳ್ಳೆ ಪ್ಯಾನೆಲ್ ಚದರಡಿಗೆ ಸುಮಾರು 20 ವಾಟ್ ಕೊಡುತ್ತದೆ. ಅಲ್ಲಿಗೆ 400 ವಾಟ್. ನಮ್ಮ ಕಡೆ 1 ಕಿಲೋವಾಟ್ ಪ್ಯಾನೆಲ್ಲಿನಿಂದ ದಿನಕ್ಕೆ ಸುಮಾರು 4 ಯೂನಿಟ್. ಹಾಗಾದರೆ 400 ವಾಟಿಗೆ ಒಂದೂವರೆ ಯೂನಿಟ್ ಚಿಲ್ಲರೆ. ಕರೆಂಟ್ ಕಾರು ಒಂದು ಯೂನಿಟ್ಟಿಗೆ 6ರಿಂದ 8 ಕಿ.ಮೀ. ಓಡುತ್ತದೆ. ಒಟ್ಟು 10-12 ಕಿ.ಮೀ. ಆಯ್ತು. ಧೂಳು, ಮೋಡ, ಕಾದ ಪ್ಯಾನೆಲ್ಲಿನ ನಷ್ಟ ಕಳೆದರೆ ಇನ್ನೂ ಕಮ್ಮಿ. ನಮಗೆ ಪಾವಗಡ ಪೇಟೆಗೆ ಹೋಗಿ ಬರೋದಕ್ಕೇ 44 ಕಿ.ಮೀ.

ಇನ್ನೊಂದು ತೊಡಕು ಉಂಟು. ಕಾರು ಬೇವಿನ ನೆರಳು ಕೇಳುತ್ತದೆ, ಪ್ಯಾನೆಲ್ ಸುಡುಬಿಸಿಲು ಕೇಳುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಒಂದು ಕೆಡಲೇಬೇಕು.

ಬರೀ ಬಿಸಿಲಲ್ಲಿ ಓಡಿದ ಬಂಡಿಗಳು ಇಲ್ಲವೆಂದಲ್ಲ. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿ.ಮೀ. ಪಂದ್ಯದಲ್ಲಿ 'ಸನ್‌ರೇಸರ್' ಗೆದ್ದಿತು. ಅದರಲ್ಲಿ ಒಬ್ಬನೇ ಕೂರಬಹುದಿತ್ತು. ಚಪ್ಪಟೆ ಮೈ, ಹಗುರ ತೂಕ. ಅದರಲ್ಲಿ ಒಂದು ಮೂಟೆ ಕಡಲೆಕಾಯಿ ಹಾಕೋಕಾಗದು. ನೆದರ್‌ಲ್ಯಾಂಡ್ಸಿನ ಲೈಟ್‌ಇಯರ್ ಕಂಪನಿ ಮೈತುಂಬ ಪ್ಯಾನೆಲ್ ಹೊದಿಸಿ ಸಂಸಾರದ ಕಾರನ್ನೇ ಮಾಡಿತು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 70 ಕಿ.ಮೀ.ವರೆಗೆ ಎಂದಿತು. ಬೆಲೆ ವಿಪರೀತ. 2023ರ ಜನವರಿಯಲ್ಲಿ ತಯಾರಿಕೆ ನಿಂತಿತು.

ಹಾಗಂತ ಮಗನ ಆಸೆಯೇ ತಪ್ಪೆನ್ನಲಾರೆ. ಪ್ಯಾನೆಲ್ ಇರಬೇಕಾದ ಜಾಗ ಮಾತ್ರ ಬೇರೆ. ಮನೆ ಮಾಳಿಗೆ ಮೇಲೆ 3 ಕಿಲೋವಾಟ್ ಹಾಕಲು ಸುಮಾರು 300 ಚದರಡಿ ಸಾಕು. ದಿನಕ್ಕೆ 12 ಯೂನಿಟ್. ನಷ್ಟ ಕಳೆದರೂ 70 ಕಿ.ಮೀ. ಓಡಿಸಬಹುದು. ಹಗಲು ಕಾರು ಹೊರಗಿದ್ದರೂ ಚಿಂತೆಯಿಲ್ಲ. ಬೆಳೆದ ಕರೆಂಟ್ ಲೈನಿಗೆ ಕೊಟ್ಟು, ರಾತ್ರಿ ಲೈನಿನಿಂದ ಪಡೆದು, ಮೀಟರಿನಲ್ಲಿ ಲೆಕ್ಕ ಚುಕ್ತಾ ಮಾಡುವ ಏರ್ಪಾಡಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂ. ಸಹಾಯಧನ ಇಟ್ಟಿದ್ದಾರೆ.

ಈ ಲೆಕ್ಕದ ಚೀಟಿಯನ್ನು ಮಗನ ಮುಂದಿಟ್ಟೆ. ಅವನೂ ಕೂಡಿಸಿ ನೋಡಿದ, ಮಾತಾಡಲಿಲ್ಲ. ಈ ವರ್ಷದ ಗೇಣಿಯಲ್ಲಿ ಮೊದಲು ಮಾಳಿಗೆಗೆ ಪ್ಯಾನೆಲ್ ಎಂದು ಮಾತಾಯ್ತು. ಒಂದು ವರ್ಷ ಮೀಟರ್ ನೋಡಿ, ಆಮೇಲೆ ಕಾರಿನ ಮಾತು. ಕಾರು ಕೊಳ್ಳಬೇಕೆಂದಿರುವ ರೈತರು ಅಂಗಡಿಗೆ ಹೋಗುವ ಮೊದಲು ನಿಮ್ಮ ಮಾಳಿಗೆ ಅಳೆದು ನೋಡಿ.