ಹೃದ್ರೋಗಿಗಳೇ, ಗುಳಿಗೆ ಬಿಡಬೇಡಿ

ಕಳೆದ ಶ್ರಾವಣ ಮಾಸದ ಉಪನ್ಯಾಸವೊಂದರಲ್ಲಿ ನಾವು ಹೊಳೆಮತ್ತಿಯ, ಅಂದರೆ ಅರ್ಜುನ ವೃಕ್ಷದ ತೊಗಟೆಯು ಹೃದಯಕ್ಕೆ ಹಿತಕರವೆಂದು ವಿವರಿಸಿದ್ದೆವು. ಅದನ್ನು ಕೇಳಿದ್ದ ಹಿರಿಯ ಭಕ್ತರೊಬ್ಬರು ದೀಪಾವಳಿಯ ಹೊತ್ತಿಗೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಪಾದಗಳು ಬಾತಿದ್ದವು; ಮಲಗಿದರೆ ಉಸಿರು ಕಟ್ಟುತ್ತಿತ್ತು; ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಹೃದ್ರೋಗ ತಜ್ಞರು ಕೊಟ್ಟಿದ್ದ ಗುಳಿಗೆಗಳನ್ನು ನಿಲ್ಲಿಸಿ, ತೊಗಟೆಯ ಕಷಾಯವನ್ನಷ್ಟೇ ಸೇವಿಸುತ್ತಿದ್ದರು. ಗುಳಿಗೆ ಬಿಡಿರೆಂದು ನಾವು ಹೇಳಿರಲಿಲ್ಲ, ಬಿಡಬೇಡಿರೆಂದೂ ಹೇಳಿರಲಿಲ್ಲ. ಅಂದೇ ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು, ಅವರು ಚೇತರಿಸಿಕೊಂಡರು. ಆಗ ಹೇಳದೆ ಉಳಿದ ಮಾತನ್ನು ಈಗ ಹೇಳುವುದು ನಮ್ಮ ಕರ್ತವ್ಯ.

ಹೃದಯಾಘಾತ ಮತ್ತು ಹೃದಯ ವೈಫಲ್ಯ ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಹಠಾತ್ತನೆ ಮುಚ್ಚಿಕೊಳ್ಳುವುದು ಹೃದಯಾಘಾತ. ಹೃದಯವು ದುರ್ಬಲವಾಗಿ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೊರದೂಡಲಾರದಿರುವುದು ಹೃದಯ ವೈಫಲ್ಯ. ಆಘಾತದಲ್ಲಿ ಸ್ನಾಯುವಿನ ಒಂದು ಭಾಗ ನಾಶವಾದರೆ ಮುಂದೆ ವೈಫಲ್ಯ ತಲೆದೋರಬಹುದು.

ಗಿಡಮೂಲಿಕೆಗೂ ಪರೀಕ್ಷೆ

ಗಿಡಮೂಲಿಕೆಯಿಂದ ಹೃದಯಕ್ಕೆ ಔಷಧ ದೊರೆತದ್ದು ನಮ್ಮ ನಾಡಿನಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಮೈಬಾವಿಗೆ ವೃದ್ಧೆಯೊಬ್ಬಳು ಕೊಡುತ್ತಿದ್ದ ಹಲವು ಮೂಲಿಕೆಗಳ ಮದ್ದಿನಲ್ಲಿ ಗುಣವಿರುವುದು ಫಾಕ್ಸ್‌ಗ್ಲವ್ ಎಂಬ ಗಿಡಕ್ಕೇ ಎಂದು ಗುರುತಿಸಿ, 1785ರಲ್ಲಿ ಗ್ರಂಥ ಬರೆದನು. ಗುಣವಾಗದ ರೋಗಿಗಳ ವಿವರವನ್ನೂ ಅವನು ಮರೆಮಾಚಲಿಲ್ಲ. ಇದೇ ಕುಲದ ಗಿಡದಿಂದ ಪಡೆದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಆದರೆ 6,800 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಗಾಕ್ಸಿನ್ ಪಡೆದವರಲ್ಲಿಯೂ ಹುಸಿ ಗುಳಿಗೆ ಪಡೆದವರಲ್ಲಿಯೂ ಮರಣ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಸ್ಪತ್ರೆ ಸೇರಬೇಕಾದ ಸಂದರ್ಭಗಳು ಮಾತ್ರ ಕಡಿಮೆಯಾದವು. ಇನ್ನೂರು ವರ್ಷಗಳ ಬಳಕೆಗೂ ಪರೀಕ್ಷೆ ತಪ್ಪಲಿಲ್ಲ.

ಬೇಡವೆಂದದ್ದೇ ಬೇಕಾಯಿತು

1980ರ ದಶಕದಲ್ಲಿ ನಾವು ವ್ಯಾಸಂಗ ಮಾಡುತ್ತಿದ್ದಾಗ, ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಔಷಧಗಳನ್ನು ದುರ್ಬಲ ಹೃದಯಕ್ಕೆ ಕೊಡಬಾರದೆಂಬುದೇ ಸಾಮಾನ್ಯ ಅಭಿಪ್ರಾಯವಾಗಿತ್ತು. ಸ್ವೀಡನ್ನಿನ ಕೆಲವು ವೈದ್ಯರು 1975ರಲ್ಲಿಯೇ ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡಿದ್ದರೂ ಬಹುಕಾಲ ಯಾರೂ ನಂಬಲಿಲ್ಲ. 1999ರಲ್ಲಿ ಯುರೋಪಿನ 2,647 ರೋಗಿಗಳ ಅಧ್ಯಯನ ಪ್ರಕಟವಾಯಿತು. ಸುಮಾರು ಒಂದೂಕಾಲು ವರ್ಷದಲ್ಲಿ ಹುಸಿ ಗುಳಿಗೆ ಪಡೆದವರಲ್ಲಿ 228 ಮಂದಿ ತೀರಿಕೊಂಡಿದ್ದರೆ, ಬೈಸೊಪ್ರೊಲಾಲ್ ಪಡೆದವರಲ್ಲಿ 156 ಮಂದಿ ತೀರಿಕೊಂಡಿದ್ದರು. ಲಾಭ ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಇಂದು ಇದು ಹೃದಯ ವೈಫಲ್ಯದ ಮುಖ್ಯ ಔಷಧಗಳಲ್ಲೊಂದು. ಇದನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಅಪಾಯ.

ಅರ್ಜುನದ ಸ್ಥಾನವೇನು?

ಅರ್ಜುನದ ತೊಗಟೆಯನ್ನು ಹಾಲಿನಲ್ಲಿ ಪಾಕ ಮಾಡಿ ಹೃದ್ರೋಗದಲ್ಲಿ ಕೊಡುವ ವಿಧಿ ಚಕ್ರದತ್ತನ ಗ್ರಂಥದಲ್ಲಿದೆ. ನಾವೂ ಅದನ್ನು ಬಳಸುತ್ತ ಬಂದಿದ್ದೇವೆ. ಆದರೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ, 100 ರೋಗಿಗಳ 12 ವಾರಗಳ ಅಧ್ಯಯನದಲ್ಲಿ, ಅರ್ಜುನದ ಸಾರವು ಹೃದಯದ ರಕ್ತ ಹೊರದೂಡುವ ಸಾಮರ್ಥ್ಯವನ್ನು ಹೆಚ್ಚಿಸಲಿಲ್ಲ. ಆಯುರ್ವೇದವನ್ನೇ ನಂಬಿ ಬದುಕಿದ ನಮಗೆ ಇದು ಹಿತವಾದ ಸುದ್ದಿಯಲ್ಲ, ಆದರೂ ಮುಚ್ಚಿಡಬಾರದು. ಗಮನಿಸಬೇಕಾದುದು ಇನ್ನೊಂದಿದೆ: ಆ ಅಧ್ಯಯನದ ರೋಗಿಗಳು ತಮ್ಮ ನಿತ್ಯದ ಗುಳಿಗೆಗಳನ್ನು ಮುಂದುವರಿಸಿಯೇ ಅರ್ಜುನವನ್ನು ಸೇವಿಸಿದ್ದರು. ಗುಳಿಗೆಗೆ ಬದಲಾಗಿ ಅರ್ಜುನವೆಂಬ ಮಾತಿಗೆ ಅಲ್ಲಿ ಆಧಾರವಿಲ್ಲ.

ಎದೆನೋವು ಬಂದಾಗ

ಹೃದಯಾಘಾತದಲ್ಲಿ ವೇಳೆಯೇ ಮುಖ್ಯ. 17,187 ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪಿರಿನ್ ಆಗಲಿ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಆಗಲಿ ದೊರೆಯದವರಲ್ಲಿ ಐದು ವಾರಗಳೊಳಗೆ ನೂರಕ್ಕೆ ಸುಮಾರು 13 ಮಂದಿ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಮರಣಿಸಿದರು; ಎರಡೂ ದೊರೆತವರಲ್ಲಿ 8 ಮಂದಿ. ಹೆಪ್ಪು ಕರಗಿಸುವ ಔಷಧವನ್ನು ಬೇಗ ಕೊಟ್ಟಷ್ಟೂ ಲಾಭ ಹೆಚ್ಚಿತ್ತು. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಸುರಿದರೆ ‘ಗ್ಯಾಸ್ ಆಗಿದೆ’ ಎಂದು ಓಮದ ನೀರು ಕುಡಿಯುತ್ತ ಕೂರಬಾರದು. ನಮ್ಮಲ್ಲಿಗೂ ಬರಬೇಕಾಗಿಲ್ಲ. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ತೆರಳಿರಿ.

ಹೃದಯ ವೈಫಲ್ಯವಿರುವವರು ನಿತ್ಯ ಬೆಳಿಗ್ಗೆ ತೂಕ ನೋಡಿಕೊಳ್ಳಲಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿದೆಯೆಂದು ತಿಳಿದು ವೈದ್ಯರನ್ನು ಕಾಣಲಿ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಲಿ. ಯಾವುದೇ ಕಷಾಯ, ಚೂರ್ಣ ಸೇವಿಸುವ ಮುನ್ನ ಹೃದ್ರೋಗ ತಜ್ಞರಿಗೆ ತಿಳಿಸಲಿ. ನಮ್ಮಲ್ಲಿಗೆ ಬರುವಾಗ ಗುಳಿಗೆಗಳ ಚೀಟಿಯನ್ನು ತಪ್ಪದೆ ತರಲಿ. ಆ ಹಿರಿಯರು ಈಗ ಚೀಟಿಯನ್ನು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು ಬರುತ್ತಾರೆ. ನಾವೂ ಮೊದಲು ಅದನ್ನೇ ಕೇಳುತ್ತೇವೆ.