ಬಣ್ಣ ಬದಲಿಸೋ ಲಂಟಾನ

ಪುಟಾಣಿಗಳೇ, ಖಾಲಿ ಸೈಟಿನಲ್ಲೋ ರೈಲ್ವೆ ಹಳಿಯ ಪಕ್ಕದಲ್ಲೋ ಒಂದು ಮುಳ್ಳುಪೊದೆ ನೋಡಿರ್ತೀರಿ. ಪುಟ್ಟ ಪುಟ್ಟ ಹೂಗಳ ಗೊಂಚಲು, ನಡುವೆ ಹಳದಿ, ಸುತ್ತ ಗುಲಾಬಿ ಅಥವಾ ಕಿತ್ತಳೆ. ಎಲೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ಹಾಗೇ ಉಜ್ಜಿ ಮೂಸಿ ನೋಡಿ, ಮೂಗು ಮುಚ್ಕೋಬೇಕು! ಕೆಲವರಿಗೆ ಅದು ಬೆಕ್ಕಿನ ಉಚ್ಚೆಯ ವಾಸನೆ. ಇದೇ ಲಂಟಾನ.

ವಾಸನೆ ಯಾಕೆ ಗೊತ್ತಾ? ಗಿಡಕ್ಕೆ ಓಡೋಕೆ ಕಾಲಿಲ್ಲ. ತಿನ್ನೋಕೆ ಬಂದ ಹುಳ, ಹಸುಗಳನ್ನು ದೂರ ಇಡೋಕೆ ಎಲೆಯೊಳಗೇ ಘಾಟು ಎಣ್ಣೆ, ವಿಷ ಎರಡನ್ನೂ ಇಟ್ಕೊಂಡಿದೆ. ಬೇರೆ ಮೇವು ಸಿಗದೆ ಇದನ್ನು ತಿಂದ ದನಗಳ ಲಿವರ್ ಕೆಡುತ್ತೆ, ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತೆ. ನೀವೂ ಇದರ ಕಾಯಿ ಬಾಯಿಗೆ ಹಾಕಬೇಡಿ.

ನನಗೆ ತುಂಬಾ ಇಷ್ಟವಾಗೋದು ಇದರ ಬಣ್ಣದಾಟ. ಗೊಂಚಲಿನ ಅಂಚಿನ ಹೂಗಳು ಮೊದಲು ಅರಳುತ್ತವೆ, ನಡುವಿನವು ಆಮೇಲೆ. ಹೊಸದಾಗಿ ಅರಳಿದ ಹೂ ಹಳದಿ, ಅದರಲ್ಲಿ ಮಕರಂದ ಇರುತ್ತೆ. ಪರಾಗಸ್ಪರ್ಶ ಆದಮೇಲೆ ಬಣ್ಣ ಬದಲು. ಅಂದ್ರೆ 'ಇಲ್ಲಿ ಊಟ ಖಾಲಿ' ಅನ್ನೋ ಬೋರ್ಡು. ಚಿಟ್ಟೆಗಳು ಬೇಗ ಕಲಿತು ಹಳದಿಯನ್ನೇ ಹುಡುಕುತ್ತವೆ. ಹಾಗಿದ್ರೆ ಹಳೇ ಹೂ ಉದುರಿಸಿಬಿಡಬಹುದಲ್ವಾ? ಊಹೂಂ, ಅವು ಇದ್ದರೆ ಗೊಂಚಲು ದೊಡ್ಡದಾಗಿ ದೂರದಿಂದಲೇ ಕಾಣುತ್ತೆ. ನಮ್ಮ ಆಫೀಸಿನ ಯಾವ ಡಿಸೈನರ್‌ಗೂ ಇಷ್ಟು ಸರಳವಾದ ಸ್ಟೇಟಸ್ ಲೈಟ್ ಹೊಳೆದಿಲ್ಲ.

ಇದರ ತವರು ನಮ್ಮೂರಲ್ಲ, ಅಮೆರಿಕ ಖಂಡದ ಬಿಸಿ ನಾಡುಗಳು. ಸುಮಾರು 200 ವರ್ಷದ ಹಿಂದೆ ಬ್ರಿಟಿಷರು ಚಂದದ ಹೂ ಅಂತ ತೋಟಕ್ಕೆ ತಂದರು. ಆಮೇಲೆ ಬೇಲಿಗೂ ಬಂತು. ಕಪ್ಪಗೆ ಹಣ್ಣಾದ ಕಾಯಿಗಳನ್ನು ಪಿಕಳಾರ, ಮೈನಾಗಳು ತಿಂದು ಹಾರಿಹೋಗಿ ಬೀಜವನ್ನು ಎಲ್ಲೆಲ್ಲೋ ಉದುರಿಸಿದವು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ.

ನಗರದಲ್ಲಿ ಒಂದು ಪೊದೆ ಇದ್ದರೆ ಅಂಥಾ ನಷ್ಟವೇನಿಲ್ಲ. ಕಾಡಿನ ಕಥೆ ಬೇರೆ. ಬಂಡೀಪುರದಲ್ಲಿ ಸಫಾರಿಗೆ ಹೋದವರು ನೆನಪು ಮಾಡ್ಕೊಳ್ಳಿ, ರಸ್ತೆ ಪಕ್ಕ ಎಷ್ಟೊಂದು ಲಂಟಾನ! ದೇಶದ ಹುಲಿ ಕಾಡುಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಭಾಗಕ್ಕೆ ಇದರ ಕಾಟ ಇದೆ ಅಂತ 2020ರ ಒಂದು ಅಧ್ಯಯನ ಅಂದಾಜಿಸಿದೆ. ಪೊದೆ ಒತ್ತಾಗಿ ಬೆಳೆದರೆ ಕೆಳಗೆ ಬಿಸಿಲು ಬೀಳಲ್ಲ, ಹುಲ್ಲು ಬೆಳೆಯಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ ಏನು ತಿನ್ನಬೇಕು? ಬೇಸಿಗೆಯಲ್ಲಿ ಒಣಗಿದ ಪೊದೆಗೆ ಬೆಂಕಿ ತಗುಲಿದರೆ ಏಣಿ ಹತ್ತಿದಂತೆ ಮರದ ಕೊಂಬೆಗೂ ಏರುತ್ತೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳೋದು ಕೇಳಿ. ಹಿಂದೆ ಅವರು ತರಗೆಲೆಗೆ ಸಣ್ಣಗೆ ಬೆಂಕಿ ಹಾಕ್ತಿದ್ದರು. ಆ ಪದ್ಧತಿ ನಿಂತ ಮೇಲೆ ಲಂಟಾನ ಹೆಚ್ಚಾಯಿತು ಅನ್ನೋದು ಹಿರಿಯರ ಮಾತು. ಎಲ್ಲರೂ ಇದನ್ನು ಒಪ್ಪಲ್ಲ. ಆದರೆ ಕಾಡಿನಲ್ಲೇ ಬಾಳಿದವರ ಮಾತಿಗೆ ನಾನಂತೂ ತೂಕ ಕೊಡ್ತೀನಿ.

ಇನ್ನು ಮಲೆ ಮಹದೇಶ್ವರ ಬೆಟ್ಟದ ಕಡೆ ಇದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಹಾಗೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡೋದನ್ನು ಕಲಿತಿದ್ದಾರೆ. ನೀಲಗಿರಿಯ ಗುಡಲೂರಿನಲ್ಲಿ ಆದಿವಾಸಿ ಕುಶಲಕರ್ಮಿಗಳು ನಿಜವಾದ ಆನೆಗಳಷ್ಟೇ ದೊಡ್ಡ ಲಂಟಾನ ಆನೆಗಳನ್ನು ಕಟ್ಟಿದರು. 2024ರ ಆರಂಭದಲ್ಲಿ ಅವು ನಮ್ಮ ಲಾಲ್‌ಬಾಗಿಗೂ ಬಂದು ನಿಂತಿದ್ದವು, ಆಮೇಲೆ ಅಮೆರಿಕಕ್ಕೂ ಹೋದವು. ಗಿಡದ ತವರಿನ ಕಡೆಗೇ ಆನೆಯಾಗಿ ಹೋಗಿದ್ದು ತಮಾಷೆಯಲ್ವಾ?

ಈ ಭಾನುವಾರ ಬಿಸಿಲು ಚೆನ್ನಾಗಿ ಬಂದ ಮೇಲೆ, ಅಪ್ಪನನ್ನೋ ಅಜ್ಜಿಯನ್ನೋ ಕರ್ಕೊಂಡು ಹೋಗಿ ಒಂದು ಲಂಟಾನ ಪೊದೆ ಹುಡುಕಿ. ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಕಾಂಡದ ಮುಳ್ಳು ತರಚುತ್ತೆ. ಹತ್ತು ನಿಮಿಷ ಸುಮ್ಮನೆ ನಿಂತು, ಚಿಟ್ಟೆ ಎಷ್ಟು ಸಲ ಹಳದಿ ಹೂವಿನ ಮೇಲೆ ಕೂತಿತು, ಎಷ್ಟು ಸಲ ಗುಲಾಬಿ ಮೇಲೆ ಕೂತಿತು ಎಣಿಸಿ ಬರೆದಿಡಿ. ಮನೆಗೆ ಬಂದು ಮರೀದೆ ಕೈ ತೊಳ್ಕೊಳ್ಳಿ.